ನೀಲವ್ವನ ಕೆರ

ಪೂಜ್ಯ ಪರ್ವತಯ್ಯ ಶಿವಯೋಗಿಗಳು ಆಗ ಊರಾಚೆಯ ಹಾಳು ಮಂಟಪದಲ್ಲಿ ವಾಸವಾಗಿದ್ದರು. ಹಾಸಲು ಕಂಬಳಿ, ಉಣ್ಣಲು ಭಿಕ್ಷೆಯ ರೊಟ್ಟಿ. ಕಾಲಿಗೆ ಏನನ್ನೂ ಮೆಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಸಮಗಾರ ಧೂಳಪ್ಪ ಬಂದು, ಹೆಂಗಸರ ಹೊಸ ಕೆರದ ಜೋಡನ್ನೂ ತನ್ನ ಉಳಿ, ತೊಗಲು ಕೊಯ್ಯುವ ರಂಪಿಗೆಗಳನ್ನೂ ಅವರೆದುರು ಸುರುವಿದನು.

“ಇವನ್ನ ಹೊಳಿಗೆ ಒಗೀಲೇನ್ರಿ ಅಪ್ಪಾರ, ನಾನೇ ಹೋಗಿ ಬೀಳಲೇನ್ರಿ?”

ಆ ಊರಿನ ಕಟ್ಟಳೆ ನೋಡಿ! ಕೆರ ಹೊಲಿಯುವ ಮನೆಯವರು ಕೆರ ಮೆಟ್ಟಿ ಗೌಡನ ಕಟ್ಟೆಯ ಮುಂದೆ ಹಾಯುವಂತಿಲ್ಲ. ಕಳಚಿ, ಕಂಕುಳಲ್ಲಿ ಅವುಚಿಕೊಂಡು, ಊರು ದಾಟಿದ ಮೇಲೆ ಮೆಟ್ಟಬೇಕು. ಅವರು ಹೊಲಿದದ್ದು ಮಾತ್ರ ಊರಿಗೆಲ್ಲ ಬೇಕು. ಎಂಥ ನ್ಯಾಯವೋ, ಶಿವನೇ ಬಲ್ಲ.

ಧೂಳಪ್ಪನ ಹೆಂಡತಿ ನೀಲವ್ವ ಹುಟ್ಟಿದಾಗಿನಿಂದ ಬರಿಗಾಲಲ್ಲೇ ತಿರುಗಿದವಳು. ಅವಳಿಗೆಂದು ಆಸೆಪಟ್ಟು ಇವನು ಆ ಕೆರ ಹೊಲಿದಿದ್ದನು. ತವರಿಗೆ ಹೊರಟ ದಿನ ಮೆಟ್ಟಿಕೊಂಡು ನಗುನಗುತ್ತಾ ಹೊರಟಿದ್ದಳು. ಕಟ್ಟೆಯ ಮೇಲೆ ಗೌಡನನ್ನು ಕಂಡದ್ದೇ ತಡ, ಇವನೇ ಗದರಿದ: “ಕಳಿ, ಲಗೂನ ಕಳಿ!” ಅವಳು ಕಳಚಿದಳು. ಕಟ್ಟೆ ದಾಟುವಷ್ಟರಲ್ಲಿ ಜಾಲಿಮುಳ್ಳು ಅಂಗಾಲಿಗೆ ಇಳಿಯಿತು. ಗಾಯ ಕೀವುಗಟ್ಟಿತು, ಧನುರ್ವಾಯು ಬಡಿದು ದವಡೆ ಕಚ್ಚಿಕೊಂಡಿತು, ಪಾಪ, ನೀಲವ್ವ ಹೋಗಿಯೇ ಬಿಟ್ಟಳು.

“ಊರ ಮಂದಿ ಕಾಲೆಲ್ಲ ಕಾಯ್ದೆ. ನನ್ನ ಹೇಣ್ತಿ ಕಾಲು ನಾನೇ ಬರಿದು ಮಾಡಿದೆ,” ಎಂದು ಧೂಳಪ್ಪ ಹಣೆ ಚಚ್ಚಿಕೊಂಡನು.

ಶಿವಯೋಗಿಗಳು ಸಮಾಧಾನ ಹೇಳಲಿಲ್ಲ. ಮಂಟಪ ಗುಡಿಸುತ್ತಿದ್ದ ಧೂಳಪ್ಪನ ಕೇರಿಯ ಮುದುಕಿ ತಾಯವ್ವನನ್ನು ಕರೆದರು.

“ಇವನ್ನ ಮೆಟ್ಟು, ತಾಯಿ. ಧೂಳಪ್ಪ, ನೀ ಮುಂದ ನಡಿ. ನಾವು ಹಿಂದ ಬರ್ತೀವಿ.”

ಮೂವರೂ ಊರು ಹೊಕ್ಕರು. ಕಟ್ಟೆಯ ಮೇಲೆ ಗೌಡನಿದ್ದನು. ಅವನನ್ನು ಕಾಣುತ್ತಲೇ ತಾಯವ್ವನ ಬೆನ್ನು ತಾನಾಗಿ ಬಾಗಿ, ಕೈ ಕೆರದ ಬಾರಿಗೆ ಹೋಯಿತು. ಶಿವಯೋಗಿಗಳು ನಿಂತರು. ಅವಳಿಗೆ ಏನೂ ಹೇಳದೆ ಧೂಳಪ್ಪನನ್ನೇ ನೋಡಿದರು. ಧೂಳಪ್ಪ ತಾಯವ್ವನತ್ತ ತಿರುಗಿದನು.

“ಕಳೀಬ್ಯಾಡ, ಯವ್ವಾ,” ಎಂದನು. “ನಡಿ.”

ಗೌಡ ಧಡಕ್ಕನೆ ಎದ್ದನು. ಹಿಂದೆ ಬರಿಗಾಲಲ್ಲಿ ಬರುತ್ತಿದ್ದ ಶಿವಯೋಗಿಗಳನ್ನು ಕಂಡು, ಬಾಯಿಗೆ ಬಂದ ಬೈಗುಳ ನುಂಗಿಕೊಂಡನು.

ಕಟ್ಟೆ ದಾಟಿದ ಮೇಲೆ ಧೂಳಪ್ಪ ಹಾದಿಯಲ್ಲೇ ಕುಸಿದು ಗೋಳೋ ಎಂದು ಅತ್ತನು. “ಈ ಮಾತು ಅವತ್ತ ಯಾಕ ಬರಲಿಲ್ರೀ ಅಪ್ಪಾರ?”

“ಅವತ್ತ ಬರಲಿಲ್ಲ,” ಎಂದರು ಶಿವಯೋಗಿಗಳು. “ಇವತ್ತ ಬಂತು. ಇನ್ನ ಬಿಡಬ್ಯಾಡ.”

ಧೂಳಪ್ಪನ ದುಃಖ ಕಡೆಯವರೆಗೂ ಆರಲಿಲ್ಲ. ಆದರೆ ಉಳಿ ಹೊಳೆಗೆ ಬೀಳಲಿಲ್ಲ. ಕೇರಿಯ ಹೆಂಗಸರಿಗೆಲ್ಲ ಕೆರ ಹೊಲಿದುಕೊಟ್ಟನು. ಅವರು ಊರ ಹಾದಿಯಲ್ಲಿ ಹೊರಟಾಗಲೆಲ್ಲ, ತಾನು ಬರಿಗಾಲಲ್ಲಿ ಕಟ್ಟೆಯವರೆಗೆ ಮುಂದೆ ನಡೆದು, ಎಲ್ಲರೂ ದಾಟುವ ತನಕ ಅಲ್ಲೇ ನಿಂತಿರುತ್ತಿದ್ದನು.