ಬಿಸಿಲಿಗೆ ಮಾಸಿದ ಹರಳು

ದೇವಣಾಚಾರ್ಯರು ತಮ್ಮ ಅಂಗಡಿಯ ಒಳಕೋಣೆಯಲ್ಲಿ ಕೂತು ಹರಳುಗಳಿಗೆ ಸಾಣೆ ಹಿಡಿಯುತ್ತಿದ್ದರು. ಅವನ್ನು ಒಡವೆಗೆ ಕೂರಿಸಿ ಮಾರುವುದು ಶಿಷ್ಯ ನಾಗಲಿಂಗನ ಕೆಲಸ.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ನಿಂಗಾಜಮ್ಮ ಅಂಗಡಿಗೆ ಬಂದಳು. ಅಮೆಥಿಸ್ಟ್ ಎಂಬ ನೇರಳೆ ಹರಳಿನ ಉಂಗುರ ತೆಗೆದು ಮುಂದಿಟ್ಟಳು.

"ತಗೊಂಡಾಗ ನೇರಳೆಹಣ್ಣಿನ ಬಣ್ಣ ಇತ್ತು. ಈಗ ನೋಡಪ್ಪ, ನೀರು ಬೆರೆಸಿದ ಹಾಗಾಗಿದೆ."

ಅಂಗಡಿ ತುಂಬ ಗಿರಾಕಿಗಳಿದ್ದರು. ನಾಗಲಿಂಗ ಉಂಗುರ ಮುಟ್ಟಲೂ ಇಲ್ಲ.

"ನಮ್ಮ ಹರಳು ಹೀಗಾಗೋದಿಲ್ಲ! ಅದನ್ನು ಮಾರಿಕೊಂಡು ಗಾಜು ಕೂರಿಸಿ ತಂದಿದ್ದೀಯ."

ಗಿರಾಕಿಗಳು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು.

"ನನ್ನ ಕಳ್ಳಿ ಅಂದ್ಯಾ?" ಎಂದಳು ನಿಂಗಾಜಮ್ಮ. "ಊರಿನ ರೇಷ್ಮೆ ಸೀರೆಯೆಲ್ಲ ನನ್ನ ಕೈಗೆ ಬರುತ್ತೆ. ಇನ್ನು ಯಾರು ನಂಬಿ ಕೊಡ್ತಾರೆ?"

ಗದ್ದಲ ಕೇಳಿ ಗುರುಗಳು ಒಳಗಿಂದ ಬಂದರು. ಉಂಗುರವನ್ನು ಬೆಳಕಿಗೆ ಹಿಡಿದರು.

"ಒಳಗಿನ ಈ ಗೆರೆ ನನಗೆ ಗೊತ್ತು. ಇದು ನಾನೇ ಸಾಣೆ ಹಿಡಿದ ಹರಳು. ಇದನ್ನು ಹಾಕಿಕೊಂಡೇ ಬಟ್ಟೆ ಒಣಗಿಸ್ತೀಯೇನಮ್ಮ?"

"ಹೂಂ ಸ್ವಾಮಿ, ದಿನವಿಡೀ."

"ಬಿಸಿಲಲ್ಲಿ?"

"ಬಿಸಿಲಿಲ್ಲದೆ ಬಟ್ಟೆ ಒಣಗುತ್ತಾ?"

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಸದಾ ಬಿಸಿಲು ಬಿದ್ದರೆ ಇದರ ಬಣ್ಣ ಮಾಸಬಹುದು ಅಂತ ಹೇಳಿಕೊಟ್ಟಿರಲಿಲ್ಲವೇನೋ?"

"ಹೇಳಿಕೊಟ್ಟಿದ್ದಿರಿ."

"ಈಕೆಗೆ ಹೇಳಿದ್ದೆಯಾ?"

"ಹೇಳಿದರೆ ಯಾರು ಕೊಳ್ತಾರೆ, ಗುರುಗಳೇ?"

"ಮಾರುವಾಗ ಬಾಯಿ ಮುಚ್ಚಿಕೊಂಡಿದ್ದೇ ಮೋಸ. ಅದರ ಮೇಲೆ, ಎಲ್ಲ ಗೊತ್ತಿದ್ದೂ, ಇವಳನ್ನು ಕಳ್ಳಿ ಮಾಡೋಕೆ ನಿನಗೆ ಬಾಯಿ ಹೇಗೆ ಬಂತು?"

ನಾಗಲಿಂಗ ಗಡಿಬಿಡಿಯಿಂದ ಪೆಟ್ಟಿಗೆ ತೆರೆದು ಹೊಸ ಹರಳೊಂದನ್ನು ತೆಗೆದ. "ತಗೋಮ್ಮ, ಇದನ್ನೇ ಕೂರಿಸಿ ಕೊಡ್ತೀನಿ."

ಅವಳು ಅವನ ಕೈ ದೂಡಿದಳು. "ಹರಳು ಯಾರಿಗೆ ಬೇಕು? ಈಗ ಎದ್ದು ಹೋದರಲ್ಲ, ಅವರಿಗೆ ಯಾರು ಹೇಳ್ತಾರೆ?"

ಗುರುಗಳು ಅಂಗಡಿಯ ಬಾಗಿಲು ಹಾಕಿದರು. ಶಿಷ್ಯನ ರಟ್ಟೆ ಹಿಡಿದು ಬೀದಿಗೆ ನಡೆದರು. ನಿಂಗಾಜಮ್ಮನೂ ಹಿಂದೆ ಬಂದಳು.

ಮೊದಲನೆಯ ಗಿರಾಕಿಯ ಬಾಗಿಲಲ್ಲಿ ನಾಗಲಿಂಗ ತಲೆ ತಗ್ಗಿಸಿ ಗೊಣಗಿದ. "ನಿಂಗಾಜಮ್ಮ ಹರಳು ಬದಲಿಸಿಲ್ಲ. ಅದು ಬಿಸಿಲಿಗೆ ಮಾಸಿದ್ದು. ಗೊತ್ತಿದ್ದೂ ನಾನು ಸುಳ್ಳು ಹೇಳಿದೆ."

"ಕೇಳಿಸಲಿಲ್ಲ," ಎಂದರು ಗುರುಗಳು. "ಅಂಗಡಿಯಲ್ಲಿ ಇದಕ್ಕಿಂತ ಜೋರಾಗಿ ಕೂಗಿದ್ದೆಯಲ್ಲ."

ಅವನು ಕೂಗಿ ಹೇಳಿದ. ಮುಂದಿನ ಮನೆಯಲ್ಲೂ ಹೇಳಿದ. ಯಾರ ಮನೆಯನ್ನೂ ಗುರುಗಳು ಬಿಡಲಿಲ್ಲ.

ಕೊನೆಯ ಬಾಗಿಲು ಮುಗಿದ ಮೇಲೆ ನಿಂಗಾಜಮ್ಮ ಗುರುಗಳ ಕೈಯಿಂದ ತನ್ನ ಉಂಗುರ ಇಸಿದುಕೊಂಡು, ತಿರುಗಿಯೂ ನೋಡದೆ ಹೊಳೆಯ ಕಡೆ ಹೋದಳು.

ನಾಗಲಿಂಗ ನಡುಬೀದಿಯಲ್ಲೇ ಗುರುಗಳ ಕಾಲು ಹಿಡಿದ.

"ಈಗಲಾದರೂ ಕ್ಷಮಿಸಿದಿರಾ, ಗುರುಗಳೇ?"

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನನ್ನು ಯಾಕೋ ಕೇಳ್ತೀಯ? ಕಳ್ಳಿ ಅನ್ನಿಸಿಕೊಂಡವಳು ಹೊಳೆಯಲ್ಲಿದ್ದಾಳೆ."