ಜಡೆಯಪ್ಪನ ತಳ್ಳುಗಾಡಿ ಮತ್ತು ಎಲ್ಲರ ಹೊಂಡ

ಮಕ್ಕಳೇ, ಒಂದು ಹುಲ್ಲುಗುಡ್ಡವಿತ್ತು. ಅದು ಯಾರೊಬ್ಬರದೂ ಅಲ್ಲ, ಅಲ್ಲಿನ ಪ್ರಾಣಿಗಳೆಲ್ಲರದು. ಗುಡ್ಡದ ನಡುವೆ ಒಂದು ಹೊಂಡ. ಮಳೆಗಾಲದಲ್ಲಿ ತುಂಬಿದ ನೀರನ್ನು ಅದರ ಮಣ್ಣಿನ ಏರಿ ಬೇಸಿಗೆ ಮುಗಿಯುವವರೆಗೂ ಹಿಡಿದಿಡುತ್ತಿತ್ತು. ಹೊಂಡ ಬತ್ತಿದರೆ ಹೊಳೆಗೇ ಹೋಗಬೇಕು. ಹೊಳೆಯೋ, ಅರ್ಧ ದಿನದ ನಡಿಗೆ!

ಗುಡ್ಡ ಇಳಿಯಲು ಹೊಂಡವನ್ನು ಸುತ್ತಿಕೊಂಡು ಹೋಗುವ ಕಲ್ಲುದಾರಿಯಿತ್ತು. ಮಳೆ ಬಿದ್ದ ಮೇಲೆ ನೆಲ ಆರುವ ತನಕ ಯಾರೂ ಹುಲ್ಲಿನ ಮೇಲೆ ಕಾಲಿಡಬಾರದು ಎಂಬುದು ಅಲ್ಲಿನ ಕಟ್ಟಳೆ. ಅಷ್ಟು ದೊಡ್ಡ ಕಾಡುಕೋಣವೂ ಗೊಣಗದೆ ಕಲ್ಲುದಾರಿಯಲ್ಲೇ ಹೋಗುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಜಡೆಯಪ್ಪ ಎಂಬ ಕರಡಿ ವಾಸವಾಗಿದ್ದ. ಒಂದು ದಿನ ಅವನಿಗೆ ಯಾರೋ ಬಿಟ್ಟುಹೋದ ತಳ್ಳುಗಾಡಿ ಸಿಕ್ಕಿತು. ಅದರ ಮೇಲೆ ಕುಳಿತು ಇಳಿಜಾರಿನಲ್ಲಿ ಬಿಟ್ಟರಾಯಿತು, ತಾನೇ ಓಡುತ್ತಿತ್ತು. ಎಡಗಾಲು ಊರಿದರೆ ಎಡಕ್ಕೆ, ಬಲಗಾಲು ಊರಿದರೆ ಬಲಕ್ಕೆ. ಜಡೆಯಪ್ಪನ ಜಂಬ ಕೇಳಬೇಕೆ! ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಕಲ್ಲುದಾರಿಯಲ್ಲಿ ಗಾಡಿ ಗಡಗಡ ಎನ್ನುತ್ತಿತ್ತು, ಬೆನ್ನು ನೋಯುತ್ತಿತ್ತು. ಒಂದು ಬೆಳಿಗ್ಗೆ, ಜೋರು ಮಳೆ ನಿಂತ ಕೂಡಲೇ, ಅವನು ಗಾಡಿಯನ್ನು ಹುಲ್ಲಿನತ್ತ ತಿರುಗಿಸಿದ.

ಹುಲ್ಲಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದ್ದ ಟಿಟ್ಟಿಭ ಹಕ್ಕಿ ಎದ್ದು ಕೂಗಿತು. "ಅಣ್ಣಾ, ನಿಲ್ಲು! ನೆಲ ಹಸಿಯಾಗಿದೆ."

"ನಿನ್ನ ಮೊಟ್ಟೆ ತಪ್ಪಿಸಿಕೊಂಡೇ ಹೋಗ್ತೀನಿ, ಹೆದರಬೇಡ ತಂಗಿ."

"ಬರೀ ಮೊಟ್ಟೆ ಮಾತಲ್ಲಣ್ಣ. ಏರಿ ಮೇಲೆ ಗಾಲಿ ಇಳಿದ್ರೆ ನೀರಿಗೆ ದಾರಿ ತೋರಿಸಿದ ಹಾಗೆ."

"ನಾನೊಬ್ಬ, ಅದೂ ಒಂದು ಸಲ! ಅಷ್ಟಕ್ಕೆ ಗುಡ್ಡ ಸೀಳಿ ಹೋಗುತ್ತಾ?" ಎಂದು ಜಡೆಯಪ್ಪ ನಕ್ಕು ಗಾಡಿ ಬಿಟ್ಟೇಬಿಟ್ಟ.

ಮೊಟ್ಟೆಗಳನ್ನು ತಪ್ಪಿಸಿದ್ದು ನಿಜ. ಹೊಂಡದ ಏರಿಯ ಮೇಲೇ ಹಾಯ್ದು ಸರ್ರನೆ ಕೆಳಗೆ ಬಂದ. ಎಂಥ ಮಜಾ! ಹಿಂದೆ ಎರಡು ಗೆರೆ ಉಳಿದವು, ಅಷ್ಟೇ. ಮಾರನೆಯ ದಿನ ಅವನೇ ಮತ್ತೆ ಬಂದ. ಆಮೇಲೆ ಅವನನ್ನು ನೋಡಿ ಕಾಡುಹಂದಿಗಳು ಅದೇ ಗೆರೆ ಹಿಡಿದು ಓಡಿದವು. ಮೊಲಗಳು ಗಾಡಿ ಹತ್ತಿ ಕೂತವು. ಗೆರೆ ಜಾಡಾಯಿತು, ಜಾಡು ಕೊರಕಲಾಯಿತು.

ಕೊನೆಯ ದೊಡ್ಡ ಮಳೆಗೆ ನೀರು ಆ ಕೊರಕಲಿನಲ್ಲೇ ನುಗ್ಗಿತು. ಏರಿ ಒಡೆಯಿತು. ಬೆಳಗಾಗುವಷ್ಟರಲ್ಲಿ ಹೊಂಡದಲ್ಲಿ ಬರೀ ಕೆಸರು. ಜಡೆಯಪ್ಪ ಕೊರಕಲಿನ ಗುಂಟ ನಡೆದು ಒಡೆದ ಏರಿಯವರೆಗೂ ಬಂದ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇನ್ನು ಬೇಸಿಗೆಗೆ ಏನು ಗತಿ ಅಣ್ಣಾ? ನನ್ನ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ," ಎಂದಿತು ಟಿಟ್ಟಿಭ.

"ನಾನು ತಂದುಕೊಡ್ತೀನಿ," ಎಂದ ಜಡೆಯಪ್ಪ. ಕೆಟ್ಟ ಮೇಲೆ ಬುದ್ಧಿ ಬಂದಿತ್ತು.

ಬೇಸಿಗೆ ಪೂರ್ತಿ ಅವನು ಗಡಿಗೆಗಳನ್ನು ಗಾಡಿಯಲ್ಲಿಟ್ಟು ಹೊಳೆಗೆ ಹೋಗಿ ಬಂದ, ಕಲ್ಲುದಾರಿಯಲ್ಲೇ. ಬರುವಾಗ ಒಂದಿಷ್ಟು ಕಲ್ಲು, ಒಂದಿಷ್ಟು ಜೇಡಿಮಣ್ಣು ತಂದು ಕೊರಕಲಿಗೆ ತುಂಬಿದ. ಹಂದಿಗಳು ನಾಚಿಕೊಂಡು ತುಳಿದು ಗಟ್ಟಿ ಮಾಡಿದವು.

ಮತ್ತೆ ಮಳೆಗಾಲ ಬಂತು. ಏರಿ ನಿಂತಿತು, ಹೊಂಡ ತುಂಬಿತು. ಒಂದು ಮರಿಮೊಲ ಗಾಡಿ ಹತ್ತಿ ಕೇಳಿತು, "ಮಾವಾ, ಹುಲ್ಲಿನ ಮೇಲೆ ನೇರ ಬಿಡು. ಅದೇ ಹತ್ತಿರದ ದಾರಿಯಂತೆ!"

"ನನಗೆ ಗೊತ್ತು ಮಗು," ಎಂದ ಜಡೆಯಪ್ಪ. "ಆ ಹತ್ತಿರದ ದಾರಿ ದಾಟೋಕೆ ನನಗೆ ಒಂದು ಬೇಸಿಗೆ ಹಿಡೀತು."

ಗಾಡಿಯನ್ನು ಕಲ್ಲುದಾರಿಗೆ ತಿರುಗಿಸಿದ. ಅದು ಗಡಗಡ ಎನ್ನುತ್ತಾ ಇಳಿಯಿತು.

ನೀತಿ: ಎಲ್ಲರ ನೆಲದಲ್ಲಿ ಇರುವ ದಾರಿ ಬಿಟ್ಟು ನುಗ್ಗಿದರೆ ಕೆಡುವುದು ಎಲ್ಲರ ಬಾಳು, "ನಾನೊಬ್ಬನೇ ತಾನೆ" ಎನ್ನುವವನೂ ಆ ಎಲ್ಲರಲ್ಲಿ ಒಬ್ಬ.