ಅರಸನ ಕೈಗೆ ನೀರು

"ಕೈ ತೊಳೆಯದೆ ಯಾರೂ ಅನ್ನ ಮುಟ್ಟಕೂಡದು! ದೊರೆಗಳ ಅಪ್ಪಣೆ! ಕೇಳ್ರಪ್ಪೋ ಕೇಳ್ರಿ!"

ಹೊನ್ನಗುಡ್ಡದ ಬೀದಿಗಳಲ್ಲಿ ಪ್ರತಿ ಅಮಾವಾಸ್ಯೆಗೂ ಈ ಡಂಗುರ ಕೇಳುತ್ತಿತ್ತು. ಸಾರಿದವನು ಮನೆಗೆ ಹೋಗಿ, ತಮಟೆಯನ್ನು ಗೂಟಕ್ಕೆ ನೇತುಹಾಕಿ, ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಅವನೊಬ್ಬನನ್ನೇ ಬೈದು ಫಲವಿಲ್ಲ. ಅರಮನೆಯಲ್ಲಿ ಊಳಿಗದವನು ಬೆಳ್ಳಿ ಬಟ್ಟಲು ಹಿಡಿದರೆ ಅರಸ ಬೆರಳ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ರೇಷ್ಮೆಗೆ ಒರೆಸಿಕೊಳ್ಳುತ್ತಿದ್ದ. ಅವನನ್ನು ಕಂಡು ಮಂತ್ರಿ, ಮಂತ್ರಿಯನ್ನು ಕಂಡು ಸೆಟ್ಟರು, ಸೆಟ್ಟರನ್ನು ಕಂಡು ಊರು. 'ಅರಮನೆ ತೊಳೆತ' ಎಂದು ಅದಕ್ಕೊಂದು ಹೆಸರೂ ಬಿದ್ದಿತ್ತು. ಗಂಜಿ ಕುಡಿಯುವವನೂ ಬೆರಳ ತುದಿ ಒದ್ದೆ ಮಾಡಿಕೊಂಡು ತಾನು ಮರ್ಯಾದಸ್ಥನೆಂದು ಬೀಗುತ್ತಿದ್ದ. ಕಟ್ಟಳೆ ಮುರಿಯುತ್ತಿದ್ದೇವೆ ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಗಾಣಿಗರ ದುಗ್ಗಿಗೆ. ಊರ ಮಠದಲ್ಲಿ ದೊಡ್ಡ ಮಕ್ಕಳೇ ಚಿಕ್ಕವರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವುದು ವಾಡಿಕೆ. ಹದಿನೈದರ ದುಗ್ಗಿ ಆ ಬೆರಳುಗಳು ಮರಳಿನಿಂದ ನೇರ ಬುತ್ತಿಗೆ ಇಳಿಯುವುದನ್ನು ದಿನವೂ ನೋಡಿದಳು. ತನ್ನ ವಾರಗೆಯವರನ್ನು ಕಟ್ಟಿಕೊಂಡು ಮಕ್ಕಳಿಗೆ ಅಂಟುವಾಳದ ನೊರೆಯಲ್ಲಿ ಕೈ ತಿಕ್ಕುವುದನ್ನೂ ಉಗುರು ತೆಗೆಯುವುದನ್ನೂ ಕಲಿಸತೊಡಗಿದಳು. "ಹೆಬ್ಬೆರಳನ್ನ ಯಾರೋ ತಿಕ್ಕೋದು? ನಿಮ್ಮಜ್ಜ ಬರ್ತಾನಾ?" ಎಂದು ಅವಳು ರೇಗಿಸಿದರೆ ಮಕ್ಕಳು ನಕ್ಕು ಮತ್ತೊಮ್ಮೆ ತಿಕ್ಕುತ್ತಿದ್ದವು.

ಕೆಟ್ಟದ್ದು ಎಲ್ಲೆಂದರೆ, ಮಂತ್ರಿಯ ಮೊಮ್ಮಗಳು ನೆಂಟರ ಪಂಕ್ತಿಯಲ್ಲಿ, "ತಾತಾ, ಉಗುರು ತೋರ್ಸು. ಥೂ!" ಎಂದುಬಿಟ್ಟಳು.

ಮರುದಿನ ತಮಟೆ ಬೇರೆ ಮಾತಾಡಿತು: "ಮಠದ ದೊಡ್ಡ ಮಕ್ಕಳು ಚಿಕ್ಕವರಿಗೆ ಅಕ್ಷರದ ಹೊರತು ಏನನ್ನೂ ಕಲಿಸಕೂಡದು! ಕಲಿಸುವೆನೆಂಬ ಎದೆಗಾರಿಕೆ ಇದ್ದವರು ದೊರೆಗಳ ಮೂರು ಒಗಟು ಬಿಡಿಸಲಿ! ಗೆದ್ದವರಿಗೆ ಮಠದ ಒಡೆತನ, ಸೋತವರ ತಲೆ ಕತ್ತಿಗೆ!"

ನೊರೆಯ ಮಡಕೆ ಮೂಲೆ ಸೇರಿತು. ತಿಂಗಳು ತುಂಬುವುದರೊಳಗೆ ಮಕ್ಕಳಿಲ್ಲದೆ ಮಠದ ಅರ್ಧ ಮರಳು ಖಾಲಿ. ಆರು ವರ್ಷದ ಬಸಲಿಂಗ ಭೇದಿಯಾಗಿ ಚಾಪೆ ಹಿಡಿದಿದ್ದ. ನೋಡಲು ಹೋದ ದುಗ್ಗಿಗೆ, "ನೀನು ಹೇಳ್ದಿದ್ರೆ ಮರೆತುಹೋಗುತ್ತೆ ಅಕ್ಕಾ," ಎಂದು ತಪ್ಪೊಪ್ಪಿಕೊಂಡ.

ಅಂದೇ ಅವಳು ಅರಮನೆಯ ಹಾದಿ ಹಿಡಿದಳು.

"ಇರೋದು ಒಂದೇ ತಲೆ ಕಣೇ!" ಎಂದು ತಾಯಿ ಸೆರಗು ಹಿಡಿದು ಜಗ್ಗಿದಳು.

"ಅದಕ್ಕೇ ಬಗ್ಗಿಸೋಕೆ ಮನಸ್ಸಿಲ್ಲ ಅವ್ವಾ."

ಸಭೆಯಲ್ಲಿ ಅವಳಿಗಿಂತ ಮೊದಲೇ ಮಠದ ಒಡೆತನಕ್ಕೆ ಆಸೆಪಟ್ಟ ಇಬ್ಬರು ನಿಂತಿದ್ದರು. ಅರಸ ಮೊದಲ ಒಗಟು ಹಾಕಿದ: "ಐದು ಕಾಲಿನ ಕುದುರೆ ಏರಿ ಹೊರಟವನು ಗುಹೆ ಹೊಕ್ಕರೆ ಹಿಂದಿರುಗುವುದಿಲ್ಲ. ಯಾರವನು?"

"ರಣಕ್ಕೆ ಹೋದ ವೀರ, ಪ್ರಭು!" ಎಂದ ಆಸ್ಥಾನ ಪಂಡಿತನ ಮಗ.

"ವೀರರು ಹಿಂದಿರುಗದಿದ್ದರೆ ನಾನು ಇಲ್ಲಿ ಹೇಗೆ ಕೂತಿದ್ದೇನೆ?" ಎಂದ ಅರಸ. ಕತ್ತಿಯ ಸರದಿ ಬರುವ ತನಕ ಇರಲೆಂದು ಭಟರು ಅವನ ರಟ್ಟೆ ಹಿಡಿದು ಸೆರೆಮನೆಗೆ ನಡೆಸಿದರು.

ವೈದ್ಯನ ಮಗ ಯೋಚಿಸಿ, "ತುತ್ತು," ಎಂದ. ಅರಸ ತಲೆದೂಗಿ ಎರಡನೆಯದನ್ನು ಹಾಕಿದ: "ಅವಳಿಜವಳಿ ಇಬ್ಬರು. ಒಬ್ಬನ ಮೈ ಇನ್ನೊಬ್ಬನೇ ತೊಳೆಯಬೇಕು; ಒಂಟಿಯಾಗಿ ಇಬ್ಬರೂ ಕೊಳಕರು. ಯಾರು?"

"ಕಣ್ಣುಗಳು!"

"ನಿನ್ನ ಎಡಗಣ್ಣಿನಿಂದ ಬಲಗಣ್ಣು ತೊಳೆದು ತೋರಿಸು, ನೋಡೋಣ."

ಸಭೆ ನಕ್ಕಿತು. ಅವನೂ ಸೆರೆಮನೆಗೆ ಹೋದ. ಉಳಿದವಳು ದುಗ್ಗಿ.

"ಎರಡನೆಯದು ಕೈಗಳು, ಬುದ್ಧಿ," ಎಂದಳು. "ಎರಡೂ ಸೇರಿ ತಿಕ್ಕಿಕೊಂಡರೇನೇ ತೊಳೆದಂತೆ. ಮೊದಲನೆಯದಕ್ಕೆ ವೈದ್ಯರ ಮಗ ಅರ್ಧ ಹೇಳಿದ. ತುತ್ತು ಸವಾರ, ಐದು ಬೆರಳಿನ ಕೈ ಕುದುರೆ, ಬಾಯಿ ಗುಹೆ. ಸರಿ. ಕುದುರೆಯ ಕಾಲಿನ ಕೆಸರು ಎಲ್ಲಿಗೆ ಹೋಗುತ್ತೆ? ಸವಾರನ ಜೊತೆ ಗುಹೆಗೇ. ಮಕ್ಕಳು ಚಾಪೆ ಹಿಡಿದದ್ದು ಹಾಗೆ. ಅರ್ಧ ಉತ್ತರ ತಮಗೆ ಸಾಕಾಯಿತು, ನನಗೆ ಸಾಲದು."

"ಏಯ್, ನಾಲಗೆ ಬಿಗಿಹಿಡಿ!" ಎಂದ ಮಂತ್ರಿ.

ಅರಸ ಕೈಯೆತ್ತಿ ಅವನನ್ನು ತಡೆದ. ಅದೇ ಕೈಯನ್ನು, ಉಂಗುರಗಳು ಎಲ್ಲರಿಗೂ ಕಾಣುವಂತೆ, ಮೊಣಕಾಲ ಮೇಲೆ ಹರಡಿಟ್ಟ. "ಕೊನೆಯದು. ಈ ರಾಜ್ಯದಲ್ಲಿ ಎಂದೂ ಕೊಳೆಯಾಗದ ವಸ್ತು ಯಾವುದು?"

ಬೇಕಾದ ಉತ್ತರ ಕತ್ತಿ ಹಿಡಿದು ನಿಂತವನಿಗೂ ತಿಳಿಯಿತು. ದಾನ ಕೊಡುವ, ನ್ಯಾಯ ಹೇಳುವ ದೊರೆಯ ಕೈ. ಎರಡೇ ಮಾತು, ಹೇಳಿದರೆ ತಲೆ ಉಳಿದೀತು, ಮಠವೂ ಸಿಕ್ಕೀತು. ಆ ಎರಡು ಮಾತು ಹೇಳಿ ಗೆದ್ದ ಮಠದಲ್ಲಿ ಬಸಲಿಂಗನಿಗೆ ಏನೆಂದು ಕಲಿಸುವುದು?

"ತಮಗೆ ಬೇಕಾದ ಉತ್ತರ ಗೊತ್ತು ಬುದ್ಧಿ. ಹೇಳೋದಿಲ್ಲ," ಎಂದಳು. "ಅಂಥ ವಸ್ತು ಯಾವುದೂ ಇಲ್ಲ. ಇದ್ದಿದ್ದರೆ ಕಟ್ಟಳೆ ಯಾಕೆ ಬೇಕಿತ್ತು?"

ಅರಸನ ಮುಖ ಕೆಂಪೇರಿತು. "ನನ್ನ ಕೈಯಲ್ಲಿ ಕೊಳೆ ತೋರಿಸು. ತೋರಿಸದಿದ್ದರೆ ಕತ್ತಿ ಇಲ್ಲೇ ಇದೆ."

ಅವಳು ಬಿಳಿ ಬಟ್ಟಲಲ್ಲಿ ನೀರು, ಜೊತೆಗೆ ಅಂಟುವಾಳ ತರಿಸಿದಳು. ಅರಸನ ಬಲಗೈಯ ಉಂಗುರಗಳನ್ನು ಒಂದೊಂದಾಗಿ ಕಳಚಿಟ್ಟಳು. ಬೆರಳ ಸಂದು, ಹೆಬ್ಬೆರಳು, ಉಗುರಿನಡಿ ತಿಕ್ಕಿದಳು. ಬಟ್ಟಲಿನ ನೀರು ಎಮ್ಮೆ ತೊಳೆದ ನೀರಿನಂತಾಯಿತು.

ಅರಸ ಬಟ್ಟಲಿನೊಳಗೆ ಬಗ್ಗಿ ನೋಡಿದ. "ಗೆದ್ದೆ ಹುಡುಗಿ. ಮಠ ನಿನ್ನದು."

"ಸೆರೆಯಲ್ಲಿ ಇರೋರು?"

"ಅವರನ್ನೂ ಬಿಟ್ಟೆ. ಮಕ್ಕಳಿಗೆ ಏನು ಬೇಕಾದರೂ ಕಲಿಸಿಕೋ. ಅರಮನೆಯ ಪದ್ಧತಿ ಮಾತ್ರ ಅರಮನೆಗೆ ಬಿಟ್ಟುಬಿಡು. ಕೈ ಬಿಡು, ಊಟದ ಹೊತ್ತಾಯಿತು."

ಬಾಗಿಲಲ್ಲಿ ಊಳಿಗದವನು ಬೆಳ್ಳಿ ಬಟ್ಟಲು ಹಿಡಿದು ಆಗಲೇ ನಿಂತಿದ್ದ.

"ತಾವು ಬೆರಳ ತುದಿ ಅದ್ದಿದರೆ ನಾಳೆ ಊರೆಲ್ಲ ಅದನ್ನೇ ಅದ್ದುತ್ತೆ, ಬುದ್ಧಿ."

"ಕೈ ಬಿಡು ಎಂದೆ."

ಕತ್ತಿಯವನು ಒಂದು ಹೆಜ್ಜೆ ಮುಂದೆ ಬಂದ. ದುಗ್ಗಿ ಅತ್ತ ತಿರುಗಿಯೂ ನೋಡದೆ ಕಪ್ಪು ನೀರನ್ನು ಅಂಗಳಕ್ಕೆ ಚೆಲ್ಲಿದಳು, ಬಟ್ಟಲಿಗೆ ಹೊಸ ನೀರು ಹುಯ್ದಳು, ಅರಸನ ಎಡಗೈಯನ್ನು ಎಳೆದುಕೊಂಡು ಉಂಗುರ ಕಳಚತೊಡಗಿದಳು.